ಪ್ಲಗ್ ಹಾಕುವ ಮೊದಲು: ಹಳೇ ವಾಲ್ವ್ ಟಿವಿ ರಿಪೇರಿಯ ನನ್ನ ಅನುಭವ

ಟ್ರಾನ್ಸಿಸ್ಟರಿಗೂ ಮೊದಲು ಬಳಸುತ್ತಿದ್ದ ಗಾಜಿನ ವಾಲ್ವ್‌ಗಳ ಹಳೇ ಟಿವಿ ಕೈಗೆ ಸಿಕ್ಕರೆ ಯಾರಿಗಾದರೂ ಮೊದಲು ಬರುವ ಆಸೆ ಒಂದೇ, ಪ್ಲಗ್ ಹಾಕಿ ನೋಡೋಣ ಅಂತ. ದಯವಿಟ್ಟು ಹಾಕಬೇಡಿ. ವರ್ಷಗಟ್ಟಲೆ ಸುಮ್ನೆ ಕೂತಿದ್ದ ಸೆಟ್ಟಿಗೆ ಒಮ್ಮೆಲೇ 230 ವೋಲ್ಟ್ ಕೊಟ್ಟರೆ, ಉಳಿಸಿಕೊಳ್ಳಬಹುದಾಗಿದ್ದ ಭಾಗಗಳೂ ನಿಮಿಷಗಳಲ್ಲಿ ಸುಟ್ಟು ಹೋಗುತ್ತವೆ. ಕಂಡೆನ್ಸರ್ (ಕೆಪಾಸಿಟರ್) ಹೋದರೆ ಚಿಂತೆಯಿಲ್ಲ, ಹೊಸದು ಸಿಗುತ್ತದೆ. ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್, ಅಂದರೆ ಪಿಕ್ಚರ್ ಟ್ಯೂಬಿಗೆ ಸಾವಿರಾರು ವೋಲ್ಟ್ ಮಾಡಿಕೊಡುವ ಎಲ್‌ಒಟಿ ಹೋದರೆ ಅಲ್ಲಿಗೆ ಮುಗಿಯಿತು ಅಂದುಕೊಳ್ಳಿ. ಅದೇ ಮಾಡೆಲ್ಲಿನ ಇನ್ನೊಂದು ಸೆಟ್ ಬಿಚ್ಚಿದರಷ್ಟೇ ಸಿಗಬೇಕು.

ನಾನು ಸರಿಮಾಡಿದ್ದು ತುಮಕೂರಿನ ಸೋದರಮಾವನ ಮನೆಯ 24 ಇಂಚಿನ ಕಪ್ಪು-ಬಿಳುಪು ಟಿವಿ. ಮರದ ಪೆಟ್ಟಿಗೆ, ನಾಲ್ಕು ಕಾಲು, ಎರಡೂ ಕಡೆಯಿಂದ ಎಳೆದು ಮುಚ್ಚುವ ಶಟರ್. 1981ರ ನವೆಂಬರಿನಲ್ಲಿ ಬೆಂಗಳೂರು ದೂರದರ್ಶನ ಶುರುವಾದ ಮೇಲೆ ಕೊಂಡದ್ದು. ಆಗ ತುಮಕೂರಲ್ಲಿ ಬೆಂಗಳೂರು ಹಿಡಿಯಬೇಕೆಂದರೆ ಮಹಡಿ ಮೇಲೆ ಎತ್ತರದ ಪೈಪು ನಿಲ್ಲಿಸಿ ಆಂಟೆನಾ ಕಟ್ಟಬೇಕಿತ್ತು. ಪೆಟ್ಟಿಗೆಯ ತಳದಲ್ಲಿ ಆ ಕಾಲದ ಟಿವಿ ಲೈಸೆನ್ಸ್ ಪುಸ್ತಕವೂ ಸಿಕ್ಕಿತು. ಪೋಸ್ಟ್ ಆಫೀಸಿಗೆ ಹೋಗಿ ಪ್ರತಿ ವರ್ಷ ಟಿವಿಗೆ ದುಡ್ಡು ಕಟ್ಟಬೇಕಿತ್ತು ಅಂದರೆ ಈಗಿನ ಮಕ್ಕಳು ನಂಬುವುದಿಲ್ಲ.

"ಒಳಗಿನದ್ದೆಲ್ಲಾ ತೆಗೆದು ಒಂದು ಎಲ್‌ಇಡಿ ಟಿವಿ ಕೂರಿಸಿಬಿಡೋಣ, ನೋಡೋಕೆ ಚೆನ್ನಾಗಿರುತ್ತೆ" ಅಂತ ಮನೆಯಲ್ಲಿ ಒಂದು ಸಲಹೆ ಬಂತು. ಇಂಥ ಪೆಟ್ಟಿಗೆಯನ್ನು ಮೀನಿನ ತೊಟ್ಟಿ ಮಾಡಿಕೊಂಡವರೂ ಇದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಒಳಗಿನ ಕೆಲಸವೇ ಆ ಸೆಟ್ಟಿನ ಜೀವ. ಇದರ ಪಿಕ್ಚರ್ ಟ್ಯೂಬೂ ಹೆಚ್ಚಿನ ವಾಲ್ವ್‌ಗಳೂ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ ಕಾರ್ಖಾನೆಯಲ್ಲಿ ತಯಾರಾದವು. ನಮ್ಮ ಊರಿನ ಪಕ್ಕದಲ್ಲೇ ಗಾಜು ಊದಿ, ಗಾಳಿ ತೆಗೆದು, ತಂತಿ ಪೋಣಿಸಿ ಮಾಡಿದ ವಸ್ತುಗಳು. ಅವು ಇನ್ನೂ ಕೆಲಸ ಮಾಡಬಲ್ಲವು ಅನ್ನುವಾಗ ಕಿತ್ತು ಎಸೆಯುವುದು ಹೇಗೆ?

ಇದು ಪೂರ್ತಿ ವಾಲ್ವ್ ಸೆಟ್ ಅಲ್ಲ. ಚಾನೆಲ್ ಹಿಡಿಯುವ ಟ್ಯೂನರ್ ಮತ್ತು ಅದರ ಸಿಗ್ನಲ್ ದೊಡ್ಡದು ಮಾಡುವ ಐಎಫ್ ಭಾಗ ಟ್ರಾನ್ಸಿಸ್ಟರಿನದು. ವಿಡಿಯೊ, ಸೌಂಡ್, ಚಿತ್ರವನ್ನು ಮೇಲೆ-ಕೆಳಗೆ ಹರಡುವ ವರ್ಟಿಕಲ್, ಅಡ್ಡಕ್ಕೆ ಹರಡುವ ಹಾರಿಜಾಂಟಲ್ (ಇದಕ್ಕೇ ಲೈನ್ ಅಂತಲೂ ಹೆಸರು) ಔಟ್‌ಪುಟ್ ಎಲ್ಲ ವಾಲ್ವಿನದು. ಇಂಥವಕ್ಕೆ ಹೈಬ್ರಿಡ್ ಸೆಟ್ ಅನ್ನುತ್ತಾರೆ.

ಹಿಂದಿನ ಮುಚ್ಚಳ ಬಿಚ್ಚುವ ಮೊದಲು ಒಂದು ಮಾತು. ಈ ಸೆಟ್‌ಗಳಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಕರೆಂಟಿನ ಒಂದು ತಂತಿ ನೇರವಾಗಿ ಚಾಸಿಸ್‌ಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ ಸೇರಿರುತ್ತದೆ. ಎರಡು ಪಿನ್ನಿನ ಪ್ಲಗ್ ತಿರುಗಾಮುರುಗಾ ಹಾಕಿದರೆ ಇಡೀ ಚಾಸಿಸ್‌ಗೆ ಫೇಸ್ ಬರುತ್ತದೆ. ಅದಕ್ಕೇ ನಾನು ಸೆಟ್ಟನ್ನು ಮೇನ್ಸಿನಿಂದ ಬೇರೆ ಮಾಡುವ, 230ಕ್ಕೆ 230 ಕೊಡುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಒಂದನ್ನು ಸುತ್ತಿಸಿಕೊಂಡೆ. ಬೆಂಗಳೂರಿನ ಎಸ್‌.ಪಿ. ರಸ್ತೆಯ ಕಡೆ ಹೇಳಿ ಮಾಡಿಸಬಹುದು. ಇದಿಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ತುಮಕೂರಿನಲ್ಲೇ ಎಂಬತ್ತರ ದಶಕದಿಂದ ಟಿವಿ ರಿಪೇರಿ ಮಾಡಿಕೊಂಡು ಬಂದ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಹೇಳಿದ್ದು ಇಷ್ಟೇ: "ಸೆಟ್ ಆನ್ ಇದ್ದಾಗ ಒಂದು ಕೈ ಯಾವಾಗ್ಲೂ ಜೇಬಲ್ಲಿರ್ಲಿ ಕಣಪ್ಪಾ."

ಪಿಕ್ಚರ್ ಟ್ಯೂಬಿನ ಡಿಸ್ಚಾರ್ಜ್, ಅಂದರೆ ಅದರಲ್ಲಿ ಉಳಿದಿರುವ ಚಾರ್ಜ್ ತೆಗೆಯುವುದನ್ನು ಮರೆಯಬಾರದು. ಟ್ಯೂಬಿನ ಹಿಂಬದಿಗೆ ಕಪ್ಪು ಬಳಿದಿರುತ್ತದೆ, ಅದರ ಮೇಲೆ ಒಂದು ಅರ್ತ್ ತಂತಿ ಹಾದಿರುತ್ತದೆ. ಸ್ಕ್ರೂಡ್ರೈವರಿಗೆ ಒಂದು ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಈ ಅರ್ತ್ ತಂತಿಗೆ ಸಿಕ್ಕಿಸಿ, ಆಮೇಲೆ ಟ್ಯೂಬಿಗೆ ಹೈ ವೋಲ್ಟೇಜ್ ಹೋಗುವ ಜಾಗದ ರಬ್ಬರ್ ಕ್ಯಾಪಿನ ಕೆಳಗೆ ತೂರಿಸಬೇಕು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಮಾಡಬೇಕು, ಯಾಕೆಂದರೆ ಟ್ಯೂಬಿನಲ್ಲಿ ಚಾರ್ಜ್ ಮತ್ತೆ ಮೇಲೆ ಬರುತ್ತದೆ. ಟ್ಯೂಬಿನ ಕತ್ತು ತೀರಾ ಸೂಕ್ಷ್ಮ. ಅಲ್ಲಿ ಕೈ ತಗುಲಿ ಗಾಜು ಮುರಿದರೆ ಸೆಟ್ಟಿನ ಕಥೆ ಮುಗಿದ ಹಾಗೆ.

ಧೂಳನ್ನು ಪೇಂಟ್ ಬ್ರಷ್ಷಿನಲ್ಲಿ ಮೆಲ್ಲಗೆ ತೆಗೆದೆ. ಒಳಗೆ ಇಲಿ ಹೊಕ್ಕು ಸ್ಪೀಕರ್ ವೈರ್ ಕಡಿದಿತ್ತು. ಅದು ಬಿಟ್ಟರೆ ಸೆಟ್ ಚೆನ್ನಾಗಿಯೇ ಇತ್ತು. ಪ್ರತಿ ವಾಲ್ವಿನ ಗಾಜಿನ ಒಳಬದಿಗೆ, ಸಾಮಾನ್ಯವಾಗಿ ನೆತ್ತಿಯ ಹತ್ತಿರ, ಬೆಳ್ಳಿ ಬಣ್ಣದ ಒಂದು ಮಚ್ಚೆ ಇರುತ್ತದೆ. ಅದು ಹೊಳೆಯುತ್ತಿದ್ದರೆ ಒಳಗೆ ಗಾಳಿ ಹೊಕ್ಕಿಲ್ಲ ಅಂತ. ಹಾಲಿನ ಹಾಗೆ ಬಿಳಿಯಾಗಿದ್ದರೆ ಆ ವಾಲ್ವ್ ಸತ್ತಿದೆ. ಇಲ್ಲಿ ಎಲ್ಲವೂ ಹೊಳೆಯುತ್ತಿದ್ದವು.

ಆಮೇಲೆ ಹೀಟರ್ ಸಾಲು, ಅಂದರೆ ವಾಲ್ವ್‌ಗಳನ್ನು ಒಳಗಿನಿಂದ ಕಾಯಿಸುವ ತಂತಿಗಳ ಸಾಲು ನೋಡಿದೆ. ಹೆಸರು 'ಪಿ' ಅಕ್ಷರದಿಂದ ಶುರುವಾಗುವ ವಾಲ್ವ್‌ಗಳಿಗೆಲ್ಲಾ ಹೀಟರ್ ಕರೆಂಟು 300 ಮಿಲಿಆಂಪ್. ವೋಲ್ಟೇಜು ಮಾತ್ರ ಬೇರೆ ಬೇರೆ: ಪಿವೈ 88ಕ್ಕೆ 30, ಹಾರಿಜಾಂಟಲ್ ಔಟ್‌ಪುಟ್ಟಿನ ಪಿಎಲ್ 504ಕ್ಕೆ 27, ವರ್ಟಿಕಲ್ಲಿನ ಪಿಸಿಎಲ್ 805ಕ್ಕೆ ಸುಮಾರು 18, ಪಿಕ್ಚರ್ ಟ್ಯೂಬಿಗೆ 6.3. ಎಲ್ಲವನ್ನೂ ಒಂದರ ಹಿಂದೆ ಒಂದು ಪೋಣಿಸಿ, ಮಿಕ್ಕ ವೋಲ್ಟೇಜನ್ನು ದೊಡ್ಡ ವೈರ್‌ವೌಂಡ್ ರೆಸಿಸ್ಟರಿಗೆ ಬಿಟ್ಟಿರುತ್ತಾರೆ. ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ಇದ್ದ ಹಾಗೆ, ಒಂದು ಹೋದರೆ ಎಲ್ಲವೂ ಕತ್ತಲೆ. ವಾಲ್ವ್‌ಗಳನ್ನು ಒಂದೊಂದಾಗಿ ಕಿತ್ತು 4 ಮತ್ತು 5ನೇ ಪಿನ್ನಿನ ಮಧ್ಯೆ ಮೀಟರ್ ಹಿಡಿದೆ. ಪಿವೈ 88ರ ಹೀಟರ್ ಓಪನ್ ಆಗಿತ್ತು, ಅಂದರೆ ತಂತಿ ಕಡಿದಿತ್ತು. ಆ ಹಿರಿಯ ಮೆಕ್ಯಾನಿಕ್ ಹತ್ತಿರ ಪೇಪರಿನಲ್ಲಿ ಸುತ್ತಿಟ್ಟ ವಾಲ್ವ್‌ಗಳ ತಗಡಿನ ಡಬ್ಬವೊಂದಿದೆ. ಅದರಲ್ಲೇ ಒಂದು ಸಿಕ್ಕಿತು.

ಈಗ ಕಂಡೆನ್ಸರ್ ವಿಷಯ. ಈ ಕೆಲಸದಲ್ಲಿ ಜಾಸ್ತಿ ಸಮಯ ಹೋಗುವುದು ಇಲ್ಲೇ, ಹೋಗಬೇಕಾದದ್ದೂ ಇಲ್ಲೇ. ಕೆಲವರು ಒಂದೇ ಸಲ ಎಲ್ಲಾ ಕಿತ್ತು ಎಲ್ಲಾ ಹೊಸದು ಹಾಕಿಬಿಡುತ್ತಾರೆ. ಆಮೇಲೆ ಸೆಟ್ ನಡೆಯದಿದ್ದರೆ ತಪ್ಪು ಎಲ್ಲಿದೆ ಅಂತ ಹುಡುಕುವುದು ಕಷ್ಟ. ನಾನು ಒಂದೊಂದಾಗಿ ಕಾಲು ಬಿಚ್ಚಿ ಪರೀಕ್ಷೆ ಮಾಡಿದೆ. ಪರೀಕ್ಷೆ ಸುಲಭ. ಕಂಡೆನ್ಸರಿನ ಒಂದು ತುದಿಗೆ 200 ವೋಲ್ಟ್ ಡಿಸಿ ಕೊಡಬೇಕು. ಇನ್ನೊಂದು ತುದಿಯಿಂದ ನೆಗೆಟಿವ್‌ಗೆ ಡಿಜಿಟಲ್ ಮೀಟರ್ ಹಿಡಿಯಬೇಕು. ಒಳ್ಳೆಯ ಕಂಡೆನ್ಸರ್ ಆದರೆ ಮೊದಲು ಒಂದು ಕ್ಷಣ ಏರಿ, ಆಮೇಲೆ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಪೇಪರ್ ಕಂಡೆನ್ಸರ್‌ಗಳು ಇಳಿಯಲೇ ಇಲ್ಲ, ಇಪ್ಪತ್ತು ಮೂವತ್ತು ವೋಲ್ಟಿನಲ್ಲೇ ನಿಂತವು. ಅಂಥದ್ದು ಔಟ್‌ಪುಟ್ ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್ಡಿಗೆ ಸೇರಿದ್ದರೆ ಗ್ರಿಡ್ ಪಾಸಿಟಿವ್ ಆಗಿ ವಾಲ್ವ್ ಮಿತಿಮೀರಿ ಕರೆಂಟು ಎಳೆಯುತ್ತದೆ. ಪ್ಲಗ್ ಹಾಕಬೇಡಿ ಅಂದದ್ದು ಇದಕ್ಕೇ. ಪಾಲಿಯೆಸ್ಟರ್ ಕಂಡೆನ್ಸರ್‌ಗಳಲ್ಲಿ ಹೆಚ್ಚಿನವು ಪಾಸಾದವು, ಅವನ್ನು ಮುಟ್ಟಲಿಲ್ಲ.

ದೊಡ್ಡ ಫಿಲ್ಟರ್ ಕಂಡೆನ್ಸರ್ ಅಲ್ಯೂಮಿನಿಯಂ ಡಬ್ಬಿಯಲ್ಲಿತ್ತು. ಡಬ್ಬಿಯ ಬುಡ ಬಿಚ್ಚಿ, ಒಳಗಿನ ಹಳೇ ಸುರುಳಿ ತೆಗೆದು, ಅಲ್ಲಿ ಹೊಸ ಎಲೆಕ್ಟ್ರೊಲಿಟಿಕ್‌ಗಳನ್ನು ಕೂರಿಸಿ ಮತ್ತೆ ಮುಚ್ಚಿದೆ. ಈಗಿನವು ಅಷ್ಟು ಚಿಕ್ಕವು, ಆರಾಮಾಗಿ ಹಿಡಿಯುತ್ತವೆ. ಮೇಲಿನಿಂದ ನೋಡಿದರೆ ಹಳೇ ಡಬ್ಬಿಯೇ, ಅದರ ಮೇಲಿನ ಅಕ್ಷರವೂ ಹಾಗೇ ಇದೆ.

ಇಷ್ಟಾದ ಮೇಲೆ ಕರೆಂಟು ಕೊಟ್ಟೆ, ಅದೂ ಸೀರೀಸ್ ಬಲ್ಬಿನ ಮೂಲಕ. ಮೊದಲು 100 ವಾಟಿನ ಹಳೇ ತಂತಿ ಬಲ್ಬು, ಆಮೇಲೆ 200. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರಾ ಉರಿಯುತ್ತದೆ, ಸೆಟ್ ಉಳಿಯುತ್ತದೆ. ನಿಧಾನಕ್ಕೆ ವಾಲ್ವ್‌ಗಳೆಲ್ಲಾ ಕೆಂಪಾದವು. ಟ್ಯೂಬಿನ ಕತ್ತಿನಲ್ಲೂ ಬೆಳಕು ಬಂತು. ನೇರ ಮೇನ್ಸ್ ಕೊಟ್ಟಾಗ ಸ್ಪೀಕರಿನಲ್ಲಿ ಸಣ್ಣ ಗುಂಯ್ ಸದ್ದು ಬಂತು. ಪರದೆ ಮಾತ್ರ ಕಪ್ಪು.

ರೂಮಿನ ದೀಪ ಆರಿಸಿ ಪಿಎಲ್ 504ರ ಕಡೆ ನೋಡಿದೆ. ಹೀಟರಿನ ಕೆಂಪು ಬೇರೆ, ಇದು ಬೇರೆ. ಪ್ಲೇಟಿನ ಬೂದು ಲೋಹದ ಪಕ್ಕದಲ್ಲಿ, ಉಗುರಿನಷ್ಟು ಅಗಲದಲ್ಲಿ ಮಂಕು ಕೆಂಪು ಮೂಡಿ ಹರಡತೊಡಗಿತು. ತಕ್ಷಣ ಸ್ವಿಚ್ ಆರಿಸಿದೆ. ಪ್ಲೇಟ್ ಕೆಂಪಾಗುತ್ತಿದೆ ಅಂದರೆ ಗ್ರಿಡ್ಡಿಗೆ ಡ್ರೈವ್, ಅಂದರೆ ಅದನ್ನು ನಡೆಸುವ ಸಿಗ್ನಲ್ ಬರುತ್ತಿಲ್ಲ. ಸರಿಯಾಗಿ ನಡೆಯುವಾಗ ಅಲ್ಲಿ ಮೈನಸ್ 40ರಿಂದ 60 ವೋಲ್ಟ್ ಆಸುಪಾಸು ಇರಬೇಕು. ಇನ್ನೊಮ್ಮೆ ಕೆಲವೇ ಸೆಕೆಂಡು ಆನ್ ಮಾಡಿ ಅಳೆದರೆ ಹೆಚ್ಚು ಕಮ್ಮಿ ಸೊನ್ನೆ. ಹಾಗಾದರೆ ತೊಂದರೆ ಆ ಡ್ರೈವ್ ಹುಟ್ಟಿಸುವ ಹಿಂದಿನ ಹಾರಿಜಾಂಟಲ್ ಆಸಿಲೇಟರಿನಲ್ಲಿ, ಪಿಸಿಎಫ್ 802ರ ಸುತ್ತಮುತ್ತ. ಅಲ್ಲಿ ಒಂದು ರೆಸಿಸ್ಟರ್ ತನ್ನ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ ಏರಿ ಕೂತಿತ್ತು. ಹಳೇ ಕಾರ್ಬನ್ ರೆಸಿಸ್ಟರ್‌ಗಳು ಹೀಗೆ ಏರುವುದು ಮಾಮೂಲು. ಕಂಡೆನ್ಸರ್ ಮೇಲಷ್ಟೇ ಕಣ್ಣಿಟ್ಟವರಿಗೆ ಇದು ಕಾಣುವುದಿಲ್ಲ.

ಅದನ್ನು ಬದಲಿಸಿ ಆನ್ ಮಾಡಿದಾಗ ಮಾವನ ಮೊಮ್ಮಗಳು ಬಾಗಿಲ ಹತ್ತಿರ ನಿಂತು ಕಿವಿ ಮುಚ್ಚಿಕೊಂಡಳು. "ಮಾಮಾ, ಏನೋ ಕೀ... ಅಂತಿದೆ, ನಿಮಗೆ ಕೇಳಿಸ್ತಿಲ್ವಾ?" ನನಗೂ ಮಾವನಿಗೂ ಏನೂ ಕೇಳಿಸಲಿಲ್ಲ. ನಮ್ಮ ದೇಶದ ಟಿವಿಯಲ್ಲಿ ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ 15,625. ಎಲ್‌ಒಟಿ ಅಷ್ಟು ಹರ್ಟ್ಸ್‌ನಲ್ಲಿ ಕೂಗುತ್ತದೆ, ಮಕ್ಕಳ ಕಿವಿಗೆ ಚೆನ್ನಾಗಿ ಕೇಳಿಸುತ್ತದೆ, ವಯಸ್ಸಾದ ಹಾಗೆ ಕೇಳುವುದು ನಿಲ್ಲುತ್ತದೆ. ಮೀಟರಿಗಿಂತ ಮೊದಲು ಆ ಹುಡುಗಿಯೇ ಹೇಳಿದಳು, ಹಾರಿಜಾಂಟಲ್ ಓಡುತ್ತಿದೆ ಅಂತ. ಎಲ್‌ಒಟಿಯ ಮೇಲೆ ಒಂದೇ ಸುತ್ತು ತಂತಿಯಿಂದ ಹೀಟರ್ ಉರಿಸಿಕೊಳ್ಳುವ ಡಿವೈ 802 ಕೂಡ ಮಂಕಾಗಿ ಬೆಳಗಿತು. ಅದು ಟ್ಯೂಬಿಗೆ ಹದಿನೈದು ಸಾವಿರ ವೋಲ್ಟಿಗೂ ಮೇಲೆ ಕೊಡುವ ರೆಕ್ಟಿಫೈಯರ್. ಅಲ್ಲಿ ಮಾಮೂಲಿ ಮಲ್ಟಿಮೀಟರ್ ಹಿಡಿಯಬಾರದು, ಅಷ್ಟು ವೋಲ್ಟೇಜ್ ತಡೆಯುವ ಇಎಚ್‌ಟಿ ಪ್ರೋಬ್ ಬೇಕು.

ಪರದೆ ಬೆಳಗಿತು, ಆದರೆ ಅರ್ಧಕ್ಕೆ. ಕೆಳಗಿನ ಭಾಗ ಮೇಲಕ್ಕೆ ಮಡಚಿಕೊಂಡು ಒಂದು ಬಿಳಿ ಪಟ್ಟಿಯಾಗಿತ್ತು. ಹಳೇ ಸೆಟ್‌ಗಳಲ್ಲಿ ಇದು ತೀರಾ ಕಾಮನ್. ಪಿಸಿಎಲ್ 805ರ ಕ್ಯಾಥೋಡಿನ ಎಲೆಕ್ಟ್ರೊಲಿಟಿಕ್ ಒಣಗಿತ್ತು. ಹೊಸದು ಹಾಕಿ, ಹೈಟ್ ಮತ್ತು ಲಿನಿಯಾರಿಟಿ ಪ್ರೀಸೆಟ್ ತಿರುಗಿಸಿದ ಮೇಲೆ ಪರದೆ ತುಂಬಿತು.

ಸರಿ, ತೋರಿಸುವುದು ಏನನ್ನು? ಮಹಡಿಯ ಆಂಟೆನಾಕ್ಕೆ ಹಿಡಿಯಲು ಈಗ ಹಳೇ ಅನಲಾಗ್ ಪ್ರಸಾರವೇ ಇಲ್ಲ. ಈ ಸೆಟ್ಟಿನಲ್ಲಿ ಎವಿ ಇನ್‌ಪುಟ್ಟೂ ಇಲ್ಲ, ವಿಎಚ್‌ಎಫ್ ಆಂಟೆನಾ ಒಂದೇ ದಾರಿ. ಎವಿ ಸಿಗ್ನಲನ್ನು ಆಂಟೆನಾ ಸಿಗ್ನಲ್ ಮಾಡಿಕೊಡುವ ಮಾರುಕಟ್ಟೆಯ ಚಿಕ್ಕ ಮಾಡ್ಯುಲೇಟರ್‌ಗಳಲ್ಲಿ ಎಷ್ಟೋ ಯುಎಚ್‌ಎಫ್ ಮಾತ್ರ ಕೊಡುತ್ತವೆ, ನೋಡಿ ತೆಗೆದುಕೊಳ್ಳಬೇಕು. ನಾನು ಬೇರೆ ದಾರಿ ಹಿಡಿದೆ. ಕೇಬಲ್ ಡಿಜಿಟಲ್ ಆದ ಮೇಲೆ ಕೇಬಲ್ ಆಪರೇಟರ್‌ಗಳ ಹತ್ತಿರ ಹಳೇ ಮಾಡ್ಯುಲೇಟರ್‌ಗಳು ಸುಮ್ನೆ ಬಿದ್ದಿವೆ. ಅಂಥದ್ದೊಂದು 4ನೇ ಚಾನೆಲ್ಲಿನದು ಸಿಕ್ಕಿತು. ಚಿತ್ರ 62.25 ಮೆಗಾಹರ್ಟ್ಸ್, ಅಲ್ಲಿಂದ 5.5 ಮೇಲಕ್ಕೆ ಸೌಂಡ್. ಡಿಡಿ ಫ್ರೀ ಡಿಶ್ ಬಾಕ್ಸಿನ ಎವಿ ವೈರ್ ಇದಕ್ಕೆ, ಇದರಿಂದ ಸಿಗ್ನಲ್ ಕಮ್ಮಿ ಮಾಡುವ ಒಂದು ಅಟೆನ್ಯುಯೇಟರ್, ಅಲ್ಲಿಂದ 75ನ್ನು 300 ಓಮ್ ಮಾಡುವ 'ಬಾಲನ್' ಎಂಬ ಚಿಕ್ಕ ಟ್ರಾನ್ಸ್‌ಫಾರ್ಮರ್, ಆಮೇಲೆ ಆಂಟೆನಾ ಟರ್ಮಿನಲ್. ಅಟೆನ್ಯುಯೇಟರ್ ಬೇಕೇ ಬೇಕು. ಊರಿಗೆಲ್ಲಾ ಕೇಬಲ್ ಕೊಡುತ್ತಿದ್ದ ಯಂತ್ರದ ಸಿಗ್ನಲ್ ನೇರ ಕೊಟ್ಟರೆ ಚಿತ್ರ ತಿರುಚಿಕೊಳ್ಳುತ್ತದೆ. ಬಾಕ್ಸಿನ ಸೆಟ್ಟಿಂಗ್ 4:3ಕ್ಕೆ ಇಟ್ಟುಕೊಳ್ಳಿ.

ಟ್ಯೂನರಿನ ಟಕ ಟಕ ಅನ್ನುವ ಗುಂಡಿಯ ಕಾಂಟ್ಯಾಕ್ಟ್‌ಗಳು ಕಪ್ಪಾಗಿದ್ದವು, ಐಸೊಪ್ರೊಪೈಲ್ ಹಚ್ಚಿ ಒರೆಸಿದೆ. 4ಕ್ಕೆ ತಿರುಗಿಸಿದಾಗ ಚಂದನ ವಾಹಿನಿ ಬಂತು. ಚಿತ್ರ ಉರುಳುತ್ತಿತ್ತು, ವರ್ಟಿಕಲ್ ಹೋಲ್ಡ್ ಸ್ವಲ್ಪ ತಿರುಗಿಸಿದೆ, ನಿಂತಿತು. ವಾರ್ತೆ ಓದುವವರ ಸೀರೆಯ ಅಂಚಿನಲ್ಲಿ ಸಣ್ಣ ಸಣ್ಣ ಚುಕ್ಕಿ ಓಡಾಡುತ್ತಿದ್ದವು. ಅದು ಕಲರ್ ಸಿಗ್ನಲ್, ಕಪ್ಪು-ಬಿಳುಪು ಸೆಟ್ಟಿನಲ್ಲಿ ಹಾಗೇ ಕಾಣುವುದು. ಮಾವ ಕುರ್ಚಿ ಎಳೆದುಕೊಂಡು ಕೂತು ಅಂದರು, "ಈ ಪಿಕ್ಚರ್ ಇಷ್ಟು ಮೆತ್ತಗಿತ್ತು ಅನ್ನೋದೇ ಮರ್ತುಹೋಗಿತ್ತು ಕಣೋ." ನಿಜ. ಕಪ್ಪಿನಿಂದ ಬಿಳಿಗೆ ಹೋಗುವಾಗ ಮಧ್ಯದ ಬೂದು ಇಷ್ಟು ನಯವಾಗಿ ಬರುವುದು ಈ ಟ್ಯೂಬಿನಲ್ಲೇ ಅನ್ನುವುದು ನನ್ನ ಅಭಿಪ್ರಾಯ. ಟ್ಯೂಬ್ ಮೊದಲು ಸ್ವಲ್ಪ ಮಂಕಿತ್ತು. ಹೀಟರಿಗೆ ಜಾಸ್ತಿ ವೋಲ್ಟೇಜ್ ಕೊಟ್ಟು ಎಬ್ಬಿಸುವ ಪದ್ಧತಿ ಉಂಟು, ನಾನು ಅದರ ಗೋಜಿಗೆ ಹೋಗಲಿಲ್ಲ. ದಿನಾ ಸ್ವಲ್ಪ ಹೊತ್ತು ಸುಮ್ನೆ ಓಡಿಸಿದೆ, ತಾನಾಗೇ ಬೆಳಗುತ್ತಾ ಬಂತು.

ಪೆಟ್ಟಿಗೆಗೆ ಹೊಸ ಬಣ್ಣ ಬಳಿಯಲಿಲ್ಲ. ಒರೆಸಿ, ಸ್ಪಿರಿಟ್‌ನಲ್ಲಿ ಕರಗಿಸಿದ ಅರಗಿನ ಪಾಲಿಶ್ ಕೊಟ್ಟೆ. ಶಟರಿನ ಕೆಲಸ ಮಾತ್ರ ನಾಜೂಕಿನದು. ಮರದ ಪಟ್ಟಿಗಳನ್ನು ಹಿಂದಿನಿಂದ ಒಂದು ಬಟ್ಟೆಗೆ ಅಂಟಿಸಿರುತ್ತಾರೆ, ಆ ಬಟ್ಟೆ ಪುಡಿಯಾಗಿತ್ತು. ಪಟ್ಟಿಗಳನ್ನು ಮೊಗಚಿ ಸಾಲಾಗಿ ಒತ್ತಿ ಜೋಡಿಸಿ, ತೆಳ್ಳಗೆ ಫೆವಿಕಾಲ್ ಹಚ್ಚಿ, ಹತ್ತಿ ಬಟ್ಟೆ ಎಳೆದು ಅಂಟಿಸಿದೆ. ಪಟ್ಟಿಗಳ ಸಂದಿಗೆ ಅಂಟು ಇಳಿದರೆ ಶಟರ್ ಬಾಗುವುದೇ ಇಲ್ಲ. ಶಟರ್ ಓಡುವ ಕೊರಕಲು ದಾರಿಗೆ ಮೇಣದಬತ್ತಿ ತಿಕ್ಕಿದೆ.

ಈಗ ವಾರಕ್ಕೊಮ್ಮೆ ಒಂದು ಗಂಟೆ ಓಡಿಸುತ್ತಾರೆ, ಸ್ಟೆಬಿಲೈಸರ್ ಮೂಲಕ. ರಾತ್ರಿ ವೋಲ್ಟೇಜು 245 ದಾಟಿದರೆ ಆನ್ ಮಾಡಬೇಡಿ ಅಂದಿದ್ದೇನೆ, ಹೀಟರಿಗೆ ಒಳ್ಳೆಯದಲ್ಲ. ಪರದೆಯಲ್ಲಿ ಬಿಳಿ ಅಕ್ಷರ ಬಂದಾಗ ಸೌಂಡಿನಲ್ಲಿ ಸಣ್ಣ ಗುರ್ ಅನ್ನುವುದು ಇನ್ನೂ ಉಳಿದಿದೆ. ಸೌಂಡ್ ಡಿಟೆಕ್ಟರಿನ ಕಾಯಿಲ್ ಟ್ಯೂನ್ ಮಾಡಬೇಕು, ಅದು ಮುಂದಿನ ರಜೆಗೆ. ಒಂದು ಪಿಎಲ್ 504 ಸ್ಪೇರ್ ಇಟ್ಟುಕೊಂಡರೆ ಒಳ್ಳೆಯದು, ಹುಡುಕುತ್ತಿದ್ದೇನೆ.