ಪಿಕಪ್ ಟ್ರಕ್ ನಿಜಕ್ಕೂ ಎಷ್ಟು ಎಳೆಯಬಲ್ಲದು? ಲೆಕ್ಕ ಹಾಕುವುದು ಹೀಗೆ

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವ ಟೋಯಿಂಗ್ ಸಾಮರ್ಥ್ಯ ಆ ಮಾದರಿಗೆ ದಕ್ಕುವ ಗರಿಷ್ಠ ಅಂಕಿ. ಅದೂ ನಿರ್ದಿಷ್ಟ ಎಂಜಿನ್, ಕ್ಯಾಬ್, ಆಕ್ಸಲ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಎಂಜಿನ್ ಶಕ್ತಿ ತರುವ ದಂಡ ಎಷ್ಟು ಸುತ್ತು ತಿರುಗುತ್ತದೆ ಎಂಬ ಅಂಕಿ) ಕೂಡಿಬಂದರೆ ಮಾತ್ರ. ಎಂಜಿನ್ ಒಂದೇ ಇದ್ದರೂ 3.92 ಬದಲು 3.21 ಅನುಪಾತದ ಆಕ್ಸಲ್ ಇದ್ದರೆ ಸಾವಿರಾರು ಪೌಂಡ್ ಕಡಿತವಾಗಬಹುದು.

ಹಾಗಂತ ಆ ಅಂಕಿ ಸುಳ್ಳಲ್ಲ. ಅಮೆರಿಕದ ತಯಾರಕರು ಪಾಲಿಸುವ ಎಸ್‌ಎಇ (ವಾಹನ ಎಂಜಿನಿಯರ್‌ಗಳ ಸಂಸ್ಥೆ) ರೂಪಿಸಿದ ಜೆ2807 ಮಾನದಂಡದಲ್ಲಿ ಕಠಿಣ ಪರೀಕ್ಷೆಗಳಿವೆ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ 11.4 ಮೈಲಿ ಏರನ್ನು ಎಸಿ ಹಾಕಿಕೊಂಡೇ, ಗಂಟೆಗೆ 40 ಮೈಲಿಗಿಂತ ವೇಗ ತಗ್ಗದಂತೆ ಹತ್ತಬೇಕು. ಆದರೆ ಆಗ ಟ್ರಕ್‌ನಲ್ಲಿರುವುದು ತಲಾ 150 ಪೌಂಡಿನ ಇಬ್ಬರು ಮತ್ತು ಹಿಚ್ (ಟ್ರೇಲರ್ ಜೋಡಿಸುವ ಕೊಂಡಿ) ಸಾಮಾನು, ಅಷ್ಟೆ. ನಿಮ್ಮ ಪ್ರಯಾಣ ಹಾಗಿರುವುದಿಲ್ಲ. ಹಾಫ್-ಟನ್ ಎಂದು ಕರೆಯುವ, ದೊಡ್ಡ ಪಿಕಪ್‌ಗಳಲ್ಲಿ ಹಗುರ ವರ್ಗದ ಟ್ರಕ್‌ಗಳಲ್ಲಿ ಎಳೆಯುವ ಶಕ್ತಿಗಿಂತ ಮೊದಲು ಮುಗಿಯುವುದು ಪೇಲೋಡ್, ಅಂದರೆ ಟ್ರಕ್ ತನ್ನ ಮೈಮೇಲೆ ಹೊರುವ ಭಾರ.

ಮೊದಲು ಸ್ಟಿಕ್ಕರ್ ಓದಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಹಳದಿ-ಬಿಳಿ ಟೈರ್ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸರಕು ಸೇರಿ ಇಷ್ಟು ಪೌಂಡ್ ಮೀರಬಾರದು ಎಂಬ ಸಾಲು ಅದರಲ್ಲಿದೆ. ಅದು ನಿಮ್ಮ ಟ್ರಕ್‌ನದೇ ಅಂಕಿ, ಮಾದರಿಯದಲ್ಲ. ಪಕ್ಕದ ಇನ್ನೊಂದು ಸ್ಟಿಕ್ಕರ್‌ನಲ್ಲಿ ಟ್ರಕ್‌ನ ಒಟ್ಟು ತೂಕದ ಮಿತಿ (ಜಿವಿಡಬ್ಲ್ಯುಆರ್) ಮತ್ತು ಒಂದೊಂದು ಆಕ್ಸಲ್‌ನ ಮಿತಿ ಸಿಗುತ್ತವೆ. ಟ್ರಕ್, ಟ್ರೇಲರ್ ಎರಡೂ ಸೇರಿದ ಮಿತಿಗೆ (ಜಿಸಿಡಬ್ಲ್ಯುಆರ್) ತಯಾರಕರ ಟೋಯಿಂಗ್ ಗೈಡ್ ನೋಡಬೇಕು.

ಈಗ ಕಳೆಯುತ್ತಾ ಹೋಗಿ. ಪೇಲೋಡ್ 1,500 ಪೌಂಡ್ ಎಂದಿಟ್ಟುಕೊಳ್ಳಿ. ನಾಲ್ವರ ತೂಕ 650, ಹಿಂದಿನ ತೊಟ್ಟಿಯಲ್ಲಿ ಸಾಮಾನು 150, ಭಾರ ಹಂಚುವ ಹಿಚ್ 100. ಉಳಿದದ್ದು 600. ಟ್ರೇಲರ್‌ನ ಮೂತಿ ಹಿಚ್ ಮೇಲೆ ಒತ್ತುವ ಭಾರ, ಅಂದರೆ ಟಂಗ್ ವೆಯ್ಟ್, ಇಷ್ಟರೊಳಗೇ ಇರಬೇಕು. ಸಾಮಾನ್ಯ ಟ್ರೇಲರ್‌ನಲ್ಲಿ ಇದು ಒಟ್ಟು ತೂಕದ 10ರಿಂದ 15 ಶೇಕಡಾ. 13 ಶೇಕಡಾ ಹಿಡಿದರೆ 600 ÷ 0.13, ಸುಮಾರು 4,600 ಪೌಂಡ್. ಇದೇ ಟ್ರಕ್‌ನ ಜಿಸಿಡಬ್ಲ್ಯುಆರ್ 15,000, ಖಾಲಿ ತೂಕ 5,550 ಆಗಿದ್ದರೆ, ಜನ, ಸಾಮಾನು, ಹಿಚ್‌ನ 900 ಕೂಡ ಕಳೆದ ಮೇಲೆ ಆ ಲೆಕ್ಕದಲ್ಲಿ 8,550 ಎಳೆಯಬಹುದು ಎಂದು ಬರುತ್ತದೆ. ಎರಡರಲ್ಲಿ ಚಿಕ್ಕದೇ ನಿಮ್ಮ ಮಿತಿ. ಏರ್‌ಬ್ಯಾಗ್ ಸಸ್ಪೆನ್ಷನ್ ಹಾಕಿಸಿದರೆ ಹಿಂಭಾಗ ಮೇಲೇಳುತ್ತದೆಯೇ ಹೊರತು ಸ್ಟಿಕ್ಕರ್‌ನ ಅಂಕಿ ಬದಲಾಗುವುದಿಲ್ಲ.

ಟ್ರೇಲರ್ ಮಾರುವವರು ಹೇಳುವ ಒಣ ತೂಕವನ್ನು ನಂಬಿ ಲೆಕ್ಕ ಹಾಕಬೇಡಿ. 40 ಗ್ಯಾಲನ್ ನೀರೇ 330 ಪೌಂಡ್ ತೂಗುತ್ತದೆ. ಬ್ಯಾಟರಿ, ಗ್ಯಾಸ್, ಪಾತ್ರೆಪಗಡ ಬೇರೆ. ಟ್ರೇಲರ್‌ನ ಜಿವಿಡಬ್ಲ್ಯುಆರ್ ಹಿಡಿದು ಲೆಕ್ಕ ಮಾಡುವುದೇ ಕ್ಷೇಮ. ಹಿಚ್ ಮತ್ತು ಬಾಲ್ (ಟ್ರೇಲರ್‌ನ ಮೂತಿ ಕೂರುವ ಗುಂಡು) ಮೇಲೂ ಅಂಕಿ ಕೊರೆದಿರುತ್ತದೆ. ಭಾರ ಹಂಚುವ ಸಾಧನ ಇದ್ದಾಗ ಒಂದು, ಇಲ್ಲದಾಗ ಇನ್ನೊಂದು ಕಡಿಮೆ ಮಿತಿ ಇರಬಹುದು. ಹಲವರು ಎಡವುವುದು ಇಲ್ಲೇ.

ಕೊನೆಗೆ ತೂಗಿ. ಆಕ್ಸಲ್‌ಗಳನ್ನು ಬೇರೆಬೇರೆಯಾಗಿ ತೂಗುವ ವೇಬ್ರಿಡ್ಜ್‌ನಲ್ಲಿ ಮೂರು ಸಲ ನಿಲ್ಲಿಸಿ: ಟ್ರೇಲರ್ ಜೋಡಿಸಿ ಸ್ಪ್ರಿಂಗ್ ಬಾರ್ (ಭಾರ ಹಂಚುವ ಹಿಚ್‌ನ ಸರಳುಗಳು) ಬಿಗಿದು, ಬಾರ್ ಬಿಚ್ಚಿ, ಟ್ರಕ್ ಒಂದನ್ನೇ. ಜನ, ಸಾಮಾನು, ಹಿಚ್ ಸಮೇತ ಟ್ರಕ್ 6,450 ತೂಗಿ, ಬಾರ್ ಬಿಗಿಯದೆ ಟ್ರೇಲರ್ ಜೋಡಿಸಿದಾಗ ಟ್ರಕ್‌ನ ಆಕ್ಸಲ್‌ಗಳ ಮೇಲಿನ ತೂಕ 7,050 ಆದರೆ ಟಂಗ್ ವೆಯ್ಟ್ 600. ಮುಂದಿನ ಆಕ್ಸಲ್ ಟ್ರೇಲರ್ ಇಲ್ಲದಾಗ 3,300 ಇದ್ದು, ಬಾರ್ ಇಲ್ಲದೆ 3,120ಕ್ಕೆ ಇಳಿದು, ಬಾರ್ ಬಿಗಿದಾಗ 3,250ಕ್ಕೆ ಏರಿದರೆ ಹಿಚ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಮುಂದಿನ ಚಕ್ರ ಹಗುರಾದರೆ ಸ್ಟೀರಿಂಗ್ ಹಿಡಿತ ತಪ್ಪುತ್ತದೆ, ಹೆಡ್‌ಲೈಟ್ ಆಕಾಶ ನೋಡುತ್ತದೆ.

ಟಂಗ್ ವೆಯ್ಟ್ ಹೆಚ್ಚೆಂದು ಸಾಮಾನನ್ನೆಲ್ಲ ಟ್ರೇಲರ್‌ನ ಹಿಂದಕ್ಕೆ ತಳ್ಳುವುದು ಇನ್ನೂ ಅಪಾಯ. 10 ಶೇಕಡಾಕ್ಕಿಂತ ಕಡಿಮೆಯಾದರೆ ಹೆದ್ದಾರಿ ವೇಗದಲ್ಲಿ ಟ್ರೇಲರ್ ಅತ್ತಿತ್ತ ಓಲಾಡತೊಡಗುತ್ತದೆ, ಟ್ರಕ್ಕನ್ನೂ ಎಳೆದಾಡುತ್ತದೆ. ಸುಮಾರು 60 ಶೇಕಡಾ ಸಾಮಾನು ಟ್ರೇಲರ್‌ನ ಮುಂದಿನ ಅರ್ಧದಲ್ಲಿರಲಿ. ಆಗಲೂ ಪೇಲೋಡ್ ಮೀರಿದರೆ ಇರುವ ದಾರಿ ಎರಡೇ: ಟ್ರಕ್‌ನಿಂದ ಏನನ್ನಾದರೂ ಇಳಿಸುವುದು, ಇಲ್ಲವೇ ಚಿಕ್ಕ ಟ್ರೇಲರ್ ಆರಿಸಿಕೊಳ್ಳುವುದು.