ವಿಂಡೋಸ್ ಕಳಿಸುವ ಮಾಹಿತಿಗೆ ಕಡಿವಾಣ: ಮೊದಲು ಸ್ವಿಚ್, ಆಮೇಲೆ ಡಿಲೀಟ್

ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾಗಿ ತುಂಬಾ ಮನೆಗಳಿಗೆ ಈಗ ವಿಂಡೋಸ್ 11 ಬಂದಿದೆ. ಹೊಸ ಲ್ಯಾಪ್‌ಟಾಪ್ ಆನ್ ಮಾಡಿದ ಕೂಡಲೇ ಸಾಲು ಸಾಲು ಪ್ರಶ್ನೆ ಬರುತ್ತವೆ. ಹೆಚ್ಚಿನವರು ನೆಕ್ಸ್ಟ್, ನೆಕ್ಸ್ಟ್, ಆಕ್ಸೆಪ್ಟ್ ಒತ್ತಿಕೊಂಡು ಹೋಗುತ್ತಾರೆ. ಲೊಕೇಶನ್, ಜಾಹೀರಾತು ಐಡಿ (ನಿಮಗೆ ತಕ್ಕ ಜಾಹೀರಾತು ತೋರಿಸಲು ಬಳಸುವ ಗುರುತು), ಟೈಪಿಂಗ್ ಮಾಹಿತಿ ಇವೆಲ್ಲ ಅಲ್ಲಿ ಸಾಮಾನ್ಯವಾಗಿ ಮೊದಲೇ ಆನ್ ಆಗಿರುತ್ತವೆ. ಮುಂದೆ ಯಾವಾಗಲೋ, ನಿಮ್ಮ ಮಾಹಿತಿಯೆಲ್ಲ ಹೊರಗೆ ಹೋಗುತ್ತಿದೆ ಎಂದು ಯಾರೋ ಹೆದರಿಸುತ್ತಾರೆ. ಆಗ ಕಂಡ ಸ್ವಿಚ್ಚನ್ನೆಲ್ಲ ಆಫ್ ಮಾಡುತ್ತಾರೆ. ಮರುದಿನ ಮಗಳ ಆನ್‌ಲೈನ್ ಕ್ಲಾಸಿಗೆ ಮೈಕ್ ಬರುವುದಿಲ್ಲ. ಸಿಟ್ಟಿಗೆ ಎಲ್ಲವನ್ನೂ ಮತ್ತೆ ಆನ್ ಮಾಡಿಬಿಡುತ್ತಾರೆ. ಇದನ್ನು ನೋಡಿ ನೋಡಿ ಸಾಕಾಗಿದೆ. ಸರಿಯಾದ ಕ್ರಮದಲ್ಲಿ ಮಾಡಿದರೆ ಅರ್ಧ ಗಂಟೆಯ ಕೆಲಸ.

ಹಂತ 1. ಸೆಟ್ಟಿಂಗ್ಸ್‌ನಲ್ಲಿ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ ತೆರೆಯಿರಿ. ಅದರಲ್ಲಿ ‘ಜನರಲ್’ ಎಂಬ ಪುಟವಿದೆ (ಹೊಸ ಆವೃತ್ತಿಗಳಲ್ಲಿ ‘ರೆಕಮೆಂಡೇಶನ್ಸ್ ಆ್ಯಂಡ್ ಆಫರ್ಸ್’). ಅಲ್ಲಿರುವುದನ್ನೆಲ್ಲ ಆಫ್ ಮಾಡಿ. ಯೋಚಿಸಬೇಕಾದ್ದು ಏನೂ ಇಲ್ಲ.

ಹಂತ 2. ಜನ ಎಡವುವುದು ಇಲ್ಲಿ. ‘ಡಯಾಗ್ನಾಸ್ಟಿಕ್ಸ್ ಆ್ಯಂಡ್ ಫೀಡ್‌ಬ್ಯಾಕ್’ ಪುಟಕ್ಕೆ ಹೋಗಿ.

ವಿಂಡೋಸ್ ಮೈಕ್ರೋಸಾಫ್ಟ್‌ಗೆ ಕಳಿಸುವ ಡಯಾಗ್ನಾಸ್ಟಿಕ್ ಮಾಹಿತಿಯಲ್ಲಿ (ಯಂತ್ರ ಹೇಗೆ ನಡೆಯುತ್ತಿದೆ ಎಂಬ ವರದಿ) ಎರಡು ಬಗೆ. ಮೊದಲನೆಯದು ‘ರಿಕ್ವೈರ್ಡ್’. ಯಾವ ಮಾಡೆಲ್, ಯಾವ ಡ್ರೈವರ್, ಅಪ್‌ಡೇಟ್ ಸರಿಯಾಗಿ ಆಯಿತೋ ಇಲ್ಲವೋ ಅನ್ನುವಂಥದ್ದು. ಹೋಮ್ ಮತ್ತು ಪ್ರೊ ಆವೃತ್ತಿಗಳಲ್ಲಿ ಇದಕ್ಕೆ ಆಫ್ ಸ್ವಿಚ್ಚೇ ಇಲ್ಲ. ಎರಡನೆಯದು ‘ಆಪ್ಷನಲ್’. ಆ್ಯಪ್‌ಗಳನ್ನು ನೀವು ಹೇಗೆ ಬಳಸುತ್ತೀರಿ ಅನ್ನುವುದು ಇದರಲ್ಲಿ ಹೋಗುತ್ತದೆ. ಆ್ಯಪ್ ಕ್ರ್ಯಾಶ್ ಆದಾಗ ಮೆಮೊರಿಯಲ್ಲಿ ಏನಿತ್ತು ಅನ್ನುವುದೂ ಹೋಗಬಹುದು. ಆಗ ತೆರೆದಿದ್ದ ಫೈಲಿನ ತುಣುಕುಗಳು ಅದರಲ್ಲಿ ಸೇರಿಬಿಡಬಹುದು ಎಂದು ಮೈಕ್ರೋಸಾಫ್ಟ್ ತಾನೇ ಬರೆದಿದೆ. ಕ್ರಯಪತ್ರ ಟೈಪ್ ಮಾಡುತ್ತಿರುವಾಗ ಆ್ಯಪ್ ಕ್ರ್ಯಾಶ್ ಆಯಿತು ಅಂದುಕೊಳ್ಳಿ. ಸರ್ವೆ ನಂಬರು, ಆಧಾರ್ ನಂಬರು, ಸಾಕ್ಷಿಗಳ ವಿಳಾಸ ಎಲ್ಲವೂ ಆ ಕ್ಷಣ ಮೆಮೊರಿಯಲ್ಲೇ ಇರುತ್ತವೆ, ಅಲ್ವಾ? ‘ನಮ್ಮ ಹತ್ರ ಮುಚ್ಚಿಡೋಕೆ ಏನಿದೆ’ ಅನ್ನುವವರಿಗೆ ನಾನು ಕೊಡುವ ಉತ್ತರ ಇದೇ. ಆ ಪತ್ರದಲ್ಲಿರುವುದು ನಿಮ್ಮೊಬ್ಬರ ಮಾಹಿತಿ ಅಲ್ಲ.

ಈಗ ಕ್ರಮ. ಮೊದಲು ‘ಆಪ್ಷನಲ್ ಡಯಾಗ್ನಾಸ್ಟಿಕ್ ಡೇಟಾ’ ಆಫ್ ಮಾಡಿ. ಆಮೇಲೆ ಕೆಳಗಿನ ‘ಇಂಕಿಂಗ್ ಆ್ಯಂಡ್ ಟೈಪಿಂಗ್’ ಮತ್ತು ‘ಟೇಲರ್ಡ್ ಎಕ್ಸ್‌ಪೀರಿಯೆನ್ಸಸ್’ ನೋಡಿ. ಅಲ್ಲಿದ್ದು, ಆನ್ ಆಗಿದ್ದರೆ ಅವನ್ನೂ ಆಫ್ ಮಾಡಿ. ಇಷ್ಟಾದ ಮೇಲೆಯೇ ‘ಡಿಲೀಟ್ ಡಯಾಗ್ನಾಸ್ಟಿಕ್ ಡೇಟಾ’ ಬಟನ್ ಒತ್ತಿ. ಸುಮಾರು ಜನ ಡಿಲೀಟ್ ಒಂದನ್ನೇ ಒತ್ತಿ ಎದ್ದುಬಿಡುತ್ತಾರೆ. ಆ ಬಟನ್ ಹಿಂದೆ ಹೋದದ್ದನ್ನು ಅಳಿಸುತ್ತದೆ, ಮುಂದೆ ಹೋಗುವುದನ್ನು ತಡೆಯುವುದಿಲ್ಲ. ಸ್ವಿಚ್ ಮುಂದಿನದನ್ನು ತಡೆಯುತ್ತದೆ, ಹಿಂದಿನದನ್ನು ಮುಟ್ಟುವುದಿಲ್ಲ. ಎರಡೂ ಬೇಕು.

ಇನ್ನೂ ಒಂದು ಕಡೆ ಬಾಕಿ ಉಳಿಯುತ್ತದೆ. ಈ ಡಿಲೀಟ್ ಬಟನ್ ನಿಮ್ಮ ಯಂತ್ರದ ಲೆಕ್ಕದಲ್ಲಿರುವುದನ್ನು ಮಾತ್ರ ಅಳಿಸುತ್ತದೆ. ನಿಮ್ಮ ಮೈಕ್ರೋಸಾಫ್ಟ್ ಖಾತೆಯ (ವಿಂಡೋಸ್‌ಗೆ ಲಾಗಿನ್ ಆಗುವ ಇಮೇಲ್) ಲೆಕ್ಕದಲ್ಲಿರುವ ಹುಡುಕಾಟ, ಬ್ರೌಸಿಂಗ್‌ನಂಥ ಮಾಹಿತಿ ಹಾಗೇ ಇರುತ್ತದೆ. ಅದಕ್ಕೆ ಬ್ರೌಸರ್‌ನಲ್ಲಿ ಲಾಗಿನ್ ಆಗಿ ಆ ಖಾತೆಯ ‘ಪ್ರೈವಸಿ ಡ್ಯಾಶ್‌ಬೋರ್ಡ್’ನಲ್ಲಿ ಒಂದೊಂದಾಗಿ ಅಳಿಸಬೇಕು.

ಏನು ಹೋಗುತ್ತಿದೆ ಎಂದು ಕಣ್ಣಾರೆ ನೋಡಬೇಕೇ? ಅದೇ ಪುಟದಲ್ಲಿ ‘ಡಯಾಗ್ನಾಸ್ಟಿಕ್ ಡೇಟಾ ವ್ಯೂವರ್’ ಇದೆ. ಜನರಿಂದ ಏನೇನು ಪಡೆಯುತ್ತಿದೆ ಎಂದು ವಿಂಡೋಸ್ 10 ಸ್ಪಷ್ಟವಾಗಿ ಹೇಳುತ್ತಿಲ್ಲ ಎಂದು ನೆದರ್ಲೆಂಡ್ಸ್‌ನ ಮಾಹಿತಿ ರಕ್ಷಣಾ ಪ್ರಾಧಿಕಾರ 2017ರಲ್ಲಿ ಆಕ್ಷೇಪಿಸಿತ್ತು. ಈ ವ್ಯೂವರ್ ಬಂದದ್ದು ಮರುವರ್ಷ. ವ್ಯೂವರ್‌ನ ಸ್ವಿಚ್ ಆನ್ ಮಾಡಿ, ಒಂದಷ್ಟು ಹೊತ್ತು ಕೆಲಸ ಮಾಡಿ, ಆಮೇಲೆ ತೆರೆಯಿರಿ. ಎಡಗಡೆ ಘಟನೆಗಳ ಪಟ್ಟಿ, ಸಮಯದ ಸಮೇತ. ಒಂದನ್ನು ಒತ್ತಿದರೆ ಬಲಗಡೆ ಅದರ ಪೂರ್ತಿ ವಿವರ, ಬ್ರಾಕೆಟ್ಟುಗಳ ರಾಶಿಯ ನಡುವೆ. ಮೇಲಿನ ಹುಡುಕು ಪೆಟ್ಟಿಗೆಯಲ್ಲಿ ನೀವು ದಿನಾ ಬಳಸುವ ಆ್ಯಪ್‌ನ ಹೆಸರು ಹಾಕಿ ನೋಡಿ. ನೋಡಿದ ಮೇಲೆ ವ್ಯೂವರ್ ಆಫ್ ಮಾಡಿ, ಅದು ಸುಮ್ನೆ 1 ಜಿಬಿವರೆಗೆ ಜಾಗ ತಿನ್ನುತ್ತದೆ.

ಸ್ವಿಚ್ ಮಸುಕಾಗಿದ್ದು, ‘ನಿಮ್ಮ ಸಂಸ್ಥೆ ನಿಯಂತ್ರಿಸುತ್ತಿದೆ’ ಎಂಬರ್ಥದ ಸಾಲು ಕಂಡರೆ? ಆಫೀಸ್ ಲ್ಯಾಪ್‌ಟಾಪ್ ಆದರೆ ಮುಟ್ಟಬೇಡಿ. ಸ್ವಂತದ್ದಾದರೆ, ಹಿಂದೆ ಯಾರೋ ‘ಒಂದೇ ಕ್ಲಿಕ್‌ನಲ್ಲಿ ಪ್ರೈವಸಿ’ ಅನ್ನುವ ಟೂಲ್ ಓಡಿಸಿರುವ ಸಾಧ್ಯತೆ ಜಾಸ್ತಿ. ಇಂಥ ಟೂಲ್‌ಗಳನ್ನು ದಯವಿಟ್ಟು ಹಾಕಬೇಡಿ. ಕೆಲವು ಅಪ್‌ಡೇಟನ್ನೇ ನಿಲ್ಲಿಸುತ್ತವೆ, ವಿಂಡೋಸ್‌ನ ಆ್ಯಂಟಿವೈರಸ್ ಆದ ಡಿಫೆಂಡರನ್ನೂ ಕೆಡಿಸುತ್ತವೆ. ರಿಜಿಸ್ಟ್ರಿಯಲ್ಲಿ (ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳ ದಾಸ್ತಾನು) ‘ಅಲೋ ಟೆಲಿಮೆಟ್ರಿ’ಯನ್ನು, ಅಂದರೆ ಡಯಾಗ್ನಾಸ್ಟಿಕ್ ಮಾಹಿತಿಯ ಮಟ್ಟವನ್ನು 0 ಮಾಡಿ ಎನ್ನುವ ವಿಡಿಯೋಗಳನ್ನೂ ನಂಬಬೇಡಿ. ಆ ಸೊನ್ನೆಗೆ ಬೆಲೆ ಇರುವುದು ಎಂಟರ್‌ಪ್ರೈಸ್, ಎಜುಕೇಶನ್, ಸರ್ವರ್ ಆವೃತ್ತಿಗಳಲ್ಲಿ. ಹೋಮ್, ಪ್ರೊದಲ್ಲಿ ವಿಂಡೋಸ್ ಅದನ್ನು 1, ಅಂದರೆ ‘ರಿಕ್ವೈರ್ಡ್’ ಎಂದೇ ಓದಿಕೊಳ್ಳುತ್ತದೆ.

ಹಂತ 3. ಕ್ಯಾಮೆರಾ, ಮೈಕ್, ಲೊಕೇಶನ್. ಕ್ಯಾಮೆರಾ ಮತ್ತು ಮೈಕಿನ ಮುಖ್ಯ ಸ್ವಿಚ್ ಆನ್ ಇರಲಿ, ಕೆಳಗಿನ ಪಟ್ಟಿಯಲ್ಲಿ ಬೇಡದ ಆ್ಯಪ್‌ಗಳನ್ನು ಮಾತ್ರ ಆಫ್ ಮಾಡಿ. ಲೊಕೇಶನ್ ಪೂರ್ತಿ ಆಫ್. ಮನೆಯಲ್ಲೇ ಕೂತಿರುವ ಕಂಪ್ಯೂಟರಿಗೆ ಅದು ಬೇಡ.

ಹಂತ 4. ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ಕ್ಲೌಡ್, ಅಂದರೆ ಇಂಟರ್ನೆಟ್ ಮೇಲಿನ ಸಂಗ್ರಹ) ಬ್ಯಾಕಪ್. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರ್‌ಗಳು ಕ್ಲೌಡಿಗೆ ಹೋಗುತ್ತಿವೆಯೇ ನೋಡಿ. ಉಚಿತ ಜಾಗ 5 ಜಿಬಿ ಮಾತ್ರ. ನಿಲ್ಲಿಸುವ ಮುಂಚೆ ಎಲ್ಲ ಫೈಲುಗಳನ್ನು ಒಂದು ಪೆನ್‌ಡ್ರೈವ್‌ಗೆ ಕಾಪಿ ಮಾಡಿಕೊಳ್ಳಿ. ಬ್ಯಾಕಪ್ ನಿಂತ ಮೇಲೆ ಡೆಸ್ಕ್‌ಟಾಪ್ ಖಾಲಿ ಕಾಣಿಸಿದರೆ ಗಾಬರಿಯಾಗಬೇಡಿ. ಫೈಲುಗಳು ಒನ್‌ಡ್ರೈವ್ ಫೋಲ್ಡರಿನೊಳಗೇ ಇರುತ್ತವೆ, ಅಲ್ಲಿಂದ ಎಳೆದು ಹಾಕಿಕೊಳ್ಳಿ.

ಹಂತ 5. ಅಪ್‌ಡೇಟ್ ಆದ ಮೇಲೆ ಕೆಲವೊಮ್ಮೆ ‘ಸೆಟಪ್ ಮುಗಿಸೋಣ’ ಎಂಬ ನೀಲಿ ಪರದೆ ಬರುತ್ತದೆ. ಅದು ಒನ್‌ಡ್ರೈವ್ ಬ್ಯಾಕಪ್ಪನ್ನು ಮತ್ತೆ ಆನ್ ಮಾಡಿಸಲು ನೋಡುತ್ತದೆ. ಅದನ್ನು ನಿಲ್ಲಿಸಲು ಸಿಸ್ಟಮ್, ನೋಟಿಫಿಕೇಶನ್ಸ್‌ಗೆ ಹೋಗಿ, ತೀರಾ ಕೆಳಗಿರುವ ‘ಅಡಿಷನಲ್ ಸೆಟ್ಟಿಂಗ್ಸ್’ನ ಮೂರೂ ಟಿಕ್ ತೆಗೆಯಿರಿ.