ಪೂಲಿನ ಸುತ್ತ ಪೇವರ್ ಹಾಕಸಾವ್ರು ಮೊದಲ ಮಣ್ಣ ನೋಡ್ರಿ

ಜಮಖಂಡಿ ಕಡೆ ಈಗ ತ್ವಾಟದ ಮನಿ ಕಟ್ಟಿಸಿದವ್ರೆಲ್ಲಾ ಸ್ವಿಮ್ಮಿಂಗ್ ಪೂಲ್ ಮಾಡಸಾಕತ್ತಾರ, ಮಾಡಸ್ಲಿ ಬಿಡ್ರಿ, ಬ್ಯಾಸಗಿ ಹಂಗೈತಿ. ಆದ್ರ ಪೂಲ್ ಮುಗಿಯೂದ್ರಾಗ ರೊಕ್ಕಾನೂ ಮುಗದಿರತೈತಿ ತಾಳ್ಮೀನೂ ಮುಗದಿರತೈತಿ, ಸುತ್ತಲಿನ ಪೇವರ್, ಅಂದ್ರ ನೆಲಕ್ಕ ಹಾಸೂ ಸಿಮೆಂಟ್ ಬ್ಲಾಕಿನ ಕೆಲಸ, ಗಡಬಡಿಯೊಳಗ ಕೆಡತೈತಿ.

ನಂದೂ ಹಂಗ ಆತು. ನಮ್ಮದು ಎರಿ ಹೊಲ. ಪೂಲಿನ ಗ್ವಾಡಿ ಹೊರಗ ಉಳಿದ ಸಂದಿಗೆ ಅಗದ ಕರಿ ಮಣ್ಣನ್ನ ಜೆಸಿಬಿಲೆ ದೂಡಿಸಿ ವಾರದಾಗ ಬ್ಲಾಕ್ ಕುಂದರಿಸಿಬಿಟ್ಟೆ, ಯಾಕಂದ್ರ ಬೀಗರು ಬರಾವ್ರಿದ್ರು. ಮಿರಗದ ಮಳಿ ಆದಮ್ಯಾಲೆ ನೋಡಿದ್ರ ದಂಡಿ ಬಾಜೂಕಿನ ಎರಡು ಸಾಲು ಎರಡು ಬಟ್ಟು ಕೆಳಗ ಇಳದಾವು, ನೀರು ನಿಂತು ಹುಳ ಆಡಾಕತ್ತಾವು. ಎರಿ ಮಣ್ಣು ನೀರು ಕುಡದ್ರ ಉಬ್ಬತೈತಿ, ಒಣಗಿದ್ರ ಬಾಯಿ ಬಿಡತೈತಿ, ಅದರ ಮ್ಯಾಲೆ ಏನಿಟ್ರೂ ನಿಂದ್ರಂಗಿಲ್ಲ.

ಅದಕ್ಕ ಆ ಮಣ್ಣು ತಗದು ಹಾಕ್ರಿ, ಗರಸು ತುಂಬ್ರಿ, ಒಮ್ಮೆಲೆ ಅಲ್ಲ, 4ರಿಂದ 6 ಇಂಚಿನ ಒಂದೊಂದ ಥರ, ಪ್ರತಿ ಥರಕ್ಕೂ ಸ್ವಲ್ಪ ನೀರು ಹೊಡದು ಮಷೀನಿಲೆ ಧಮ್ಮಸ್ಸು. ಗ್ವಾಡಿ ಹತ್ರ ಸಣ್ಣ ಮಷೀನ ಸಾಕು, ದೊಡ್ಡ ರೋಲರ್ ತರಬ್ಯಾಡ್ರಿ, ಗ್ವಾಡಿ ಸೀಳೀತು. ಒಂದು ಮಳಿಗಾಲ ಹಂಗ ಬಿಟ್ರ ಇನ್ನೂ ಚಲೋ. ಲೈಟಿನ ವೈರಿಗೆ ಪಿವಿಸಿ ಪೈಪು ಈಗ ಹುಗದಿಡ್ರಿ, ಆಮ್ಯಾಲೆ ಬ್ಲಾಕ್ ಕೀಳೂ ಕೆಲಸ ಬ್ಯಾಡ. ಗರಸಿನ ಮ್ಯಾಲೆ ಪುಡಿ ಕೂಡಿದ ಖಡಿ 6 ಇಂಚಾದ್ರೂ ಕೂತಿರಬೇಕು, ಅದರ ಮ್ಯಾಲೆ ಉಸುಕು ಒಂದ ಇಂಚು. ಗೌಂಡಿಗಳು ತಗ್ಗಿದ್ದಲ್ಲಿ ಉಸುಕು ಸುರದು ಲೆವಲ್ ಮಾಡತಾರ, ಬಿಡಬ್ಯಾಡ್ರಿ, ನಾಳಿ ಅಲ್ಲೇ ಇಳಿಯೂದು.

ಇಳಿಜಾರು ಪೂಲಿನಿಂದ ಹೊರಗ, ಫೂಟಿಗೆ ಕಾಲು ಇಂಚು. ನಾನಂತೂ ಈ ಸಲ ಒಂದೊಂದ ಕಡೆ ತಂಬಗಿ ನೀರು ಚೆಲ್ಲಿ ಕುಂತು ನೋಡಿದೆ, ಒಂದ ಮೂಲ್ಯಾಗ ನೀರು ಒಳಗ ಹೊಳ್ಳಿತು, ಅಷ್ಟೂ ಕಿತ್ತಿಸಿ ಹಾಕಿಸಿದೆ. ಗೌಂಡಿ ಸಿಟ್ಟಾದ, ಚಾ ಕುಡಿಸಿದೆ.

ಪೂಲಿನ ದಂಡಿ ಕಲ್ಲಿಗೂ ಪೇವರಿಗೂ ನಡುವ ಅರ್ಧ ಇಂಚು ಸಂದಿ ಬಿಟ್ಟು ಫೋಮ್ ತುರಕಿ ಮ್ಯಾಲೆ ರಬ್ಬರಿನಂಗ ಮೆತ್ತಗ ಇರೂ ಸೀಲಂಟ್ ಹಾಕಸ್ರಿ, ಸಿಮೆಂಟ್ ತುಂಬಿದ್ರ ಬಿಸಲಿಗೆ ಹಿಗ್ಗಿ ದಂಡಿ ಕಲ್ಲ ಸೀಳತೈತಿ. ಹೊರಗಿನ ಅಂಚಿಗೆ ಕಾಂಕ್ರೀಟ್ ಕಟ್ಟಿ ಬೇಕಾ ಬೇಕು, ಇಲ್ಲಾಂದ್ರ ಬ್ಲಾಕ್ ಸರಕೋತ ಹೊಕ್ಕಾವು. ಅಡ್ಡ್ಯಾಡೂ ಜಾಗಾಕ್ಕ 60 ಎಂಎಂ ದಪ್ಪಿನ ಬ್ಲಾಕ್ ಸಾಕು, ಗಾಡಿ ಬರೂ ಕಡೆ 80.

ಇಳಕಲ್ ಗ್ರಾನೈಟ್ ನಮ್ಮ ಜಿಲ್ಲಾದ್ದ ಖರೆ, ಪಾಲಿಶ್ ಮಾಡಿದ್ದು ಇಲ್ಲಿ ಬ್ಯಾಡ್ರಿ, ಹಸಿ ಕಾಲಿಗೆ ಜಾರತೈತಿ. ಕರಿ ಬಣ್ಣದ ಬ್ಲಾಕೂ ಬ್ಯಾಡ, ಬಿಸಲಿಗೆ ಕಾದು ಕಾಲು ಸುಡತಾವು, ಮಧ್ಯಾಹ್ನ ನನ್ನ ಮೊಮ್ಮಗ ನೀರಾಗಿಂದ ಎದ್ದು ಕುಣಕೋತ ಓಡಿದ್ದ. ಕಡೀಕ ಸಂದಿಗೆಲ್ಲಾ ಸಣ್ಣ ಒಣ ಉಸುಕು ಕಸಬರಗಿಲೆ ತುಂಬಿಸ್ರಿ, ಮೊದಲ ಮಳಿ ಆದಮ್ಯಾಲೆ ಇನ್ನೊಮ್ಮೆ. ನಲವತ್ತು ಐವತ್ತು ಬ್ಲಾಕ್ ಹೆಚ್ಚಿಗಿ ತಂದು ಕೊಟಗ್ಯಾಗ ಒಟ್ಟಿಡ್ರಿ, ಮುಂದ ಅದ ಬಣ್ಣ ಸಿಗಂಗಿಲ್ಲ.